ನಂದಿದುರ್ಗದ ಹಳೆಯ ಕಾಲೇಜು ಆಟಗಾರರಿಗೊಂದು ಬಹಿರಂಗ ಪತ್ರ

ನಂದಿದುರ್ಗ, ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಲೈನ್‌ಗಳಿಂದ, ಎಂದರೆ ಗಣಿ ಕಾರ್ಮಿಕರ ಸಾಲುಮನೆಗಳಿಂದ, ಹೊರಟು ಕಾಲೇಜು ತಂಡಗಳಿಗೆ ಫುಟ್‌ಬಾಲ್ ಆಡಿದ ಹಿರಿಯರಿಗೆ, ಅವರ ನೆನಪುಗಳನ್ನು ಬರೆದಿಡಬೇಕೆಂದಿರುವ ಮಕ್ಕಳು ಮೊಮ್ಮಕ್ಕಳಿಗೆ:

ಕಾಲೇಜು ಫುಟ್‌ಬಾಲ್ ಆಟಗಾರನ ಆಟದ ಆಯುಷ್ಯ ಚಿಕ್ಕದು. ಪಿಯುಸಿಯಿಂದ ಪದವಿಯ ಕೊನೆಯ ವರ್ಷದವರೆಗೆ ಎಣಿಸಿದರೂ ಐದು ವರ್ಷ. ಗಾಯ, ಹಾಜರಾತಿ, ಪರೀಕ್ಷೆ ಕಳೆದರೆ ಮೂರೇ ಉಳಿಯುತ್ತದೆ. ಅದರ ಬೆನ್ನಿಗೆ ಬರುವ ನಲವತ್ತು ಐವತ್ತು ವರ್ಷಗಳ ಬದುಕಿನಲ್ಲಿ ಆ ಮೂರು ವರ್ಷ ಎಷ್ಟು ದೂರ ನಡೆದುಬಂತು ಎಂಬುದೇ ಹಿಂತಿರುಗಿ ನೋಡುವವನ ಮುಂದಿರುವ ವಿಷಯ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಮಟ್ಟಿಗೆ ಇದರ ಬಹುಪಾಲು ಮೈದಾನದ ಹೊರಗೇ ತೀರ್ಮಾನವಾಗಿದೆ. ಮೈದಾನ ಯಾವ ಕಂಪನಿಯದು, ಸರ್ಟಿಫಿಕೇಟಿಗೆ ಸಹಿ ಹಾಕಿದ ಅಧಿಕಾರಿ ಯಾರು, ಪದವಿ ಮುಗಿದ ವರ್ಷ ಯಾವ ಕಾರ್ಖಾನೆ ಜನರನ್ನು ತೆಗೆದುಕೊಳ್ಳುತ್ತಿತ್ತು ಎಂಬ ಸಂಗತಿಗಳು ಆಟಗಾರನ ದಾರಿಯನ್ನು ಅವನ ಗೋಲುಗಳಿಗಿಂತ ಹೆಚ್ಚಾಗಿ ತಿರುಗಿಸಿವೆ. ಆದರೂ ಹಳೆಯ ಆಟಗಾರರು ಮಾತಿಗೆ ಕೂತರೆ ಹೇಳುವುದು ಗೋಲುಗಳನ್ನೇ.

ಇಲ್ಲಿ ಹೇಳುತ್ತಿರುವ ನಂದಿದುರ್ಗ ಚಿಕ್ಕಬಳ್ಳಾಪುರದ ಬೆಟ್ಟವಲ್ಲ, ಕೆಜಿಎಫ್‌ನ ಉತ್ತರ ಭಾಗದ ಗಣಿ. ಬೆಟ್ಟದ ಹೆಸರನ್ನು ಗಣಿ ಕಂಪನಿ ಇಟ್ಟುಕೊಂಡಿತು, ಕಂಪನಿಯ ಹೆಸರು ಸುತ್ತಲಿನ ಲೈನ್‌ಗಳಿಗೂ ಅಂಟಿತು. ಮೈಕೆಲ್ ಲ್ಯಾವೆಲ್ ಎಂಬ ಮಾಜಿ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದದ್ದು, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಕಾಲಿಟ್ಟದ್ದು, 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು. ಆಟಗಾರನ ಕಥೆಗೆ ಇವುಗಳಲ್ಲಿ ಮುಖ್ಯವಾದದ್ದು ರೈಲು. ಅದರ ಮಾತು ಮುಂದೆ ಬರುತ್ತದೆ.

ಕಂಪನಿ ಊರಿನಲ್ಲಿ ಎಲ್ಲವೂ ಕಂಪನಿಯದೇ. ಮನೆ, ನೀರು, ಆಸ್ಪತ್ರೆ, ದೀಪ, ಆಟದ ಬಯಲು ಎಲ್ಲಕ್ಕೂ ಒಬ್ಬನೇ ಯಜಮಾನ. ಅಧಿಕಾರಿಗಳಿಗೆ 1885ರಷ್ಟು ಹಿಂದೆಯೇ ಕೆಜಿಎಫ್ ಕ್ಲಬ್ ಇತ್ತು. ಅಲ್ಲಿಯ ಬಿಲಿಯರ್ಡ್ಸ್, ಟೆನ್ನಿಸ್, ಗಾಲ್ಫ್ ಕಾರ್ಮಿಕರ ಪಾಲಿಗೆ ಬೇಲಿಯಾಚೆಯವು. ಫುಟ್‌ಬಾಲ್ ಮಾತ್ರ ಬೇಲಿ ದಾಟಿ ಲೈನ್‌ಗಳಿಗೆ ಇಳಿಯಿತು. ಅದಕ್ಕೆ ಕಾರಣಗಳನ್ನು ದೂರ ಹುಡುಕಬೇಕಿಲ್ಲ. ಒಂದು ಚೆಂಡಿಗೆ ಇಪ್ಪತ್ತೆರಡು ಜನ ಆಡಬಹುದು, ಸಾಮಾನಿನ ಖರ್ಚಿಲ್ಲ, ಶಿಫ್ಟ್ ಬಿಟ್ಟ ಮೇಲೆ ಕತ್ತಲಾಗುವುದರೊಳಗೆ ಪಂದ್ಯ ಮುಗಿಯುತ್ತದೆ. ಕ್ರಿಕೆಟ್ಟಿಗೆ ಇಡೀ ದಿನ ಬೇಕಿತ್ತು, ಗಣಿ ಕಾರ್ಮಿಕನ ಹತ್ತಿರ ಇಡೀ ದಿನ ಇರುತ್ತಿರಲಿಲ್ಲ. ಕಂಪನಿಗೂ ಈ ಆಟ ಬೇಕಾಗಿತ್ತು. ಬೆರಳಚ್ಚು ನೋಂದಣಿಯ ವಿರುದ್ಧ 1930ರಲ್ಲಿ ನಡೆದ ದೊಡ್ಡ ಮುಷ್ಕರದ ಊರು ಇದು; ಸಾವಿರಾರು ದುಡಿಮೆಗಾರರ ಸಂಜೆ ಮೈದಾನದಲ್ಲಿ ಕಳೆದರೆ ಆಡಳಿತದ ನೆಮ್ಮದಿಗೆ ಒಳ್ಳೆಯದೇ. ಗಣಿಗೂ ಗಣಿಗೂ, ಇಲಾಖೆಗೂ ಇಲಾಖೆಗೂ ನಡೆಯುತ್ತಿದ್ದ ಪಂದ್ಯಗಳ ಹಿಂದೆ ಕ್ರೀಡಾಪ್ರೇಮವೂ ಇತ್ತು, ಈ ಲೆಕ್ಕಾಚಾರವೂ ಇತ್ತು ಎಂದು ತಿಳಿಯುವುದೇ ಸರಿ.

ಭೂಮಿಯ ಕೆಳಗಿನ ಕೆಲಸ ಎಂಥದ್ದೆಂಬುದು ಗೊತ್ತಿಲ್ಲದೆ ಮೇಲಿನ ಆಟದ ಬೆಲೆ ತಿಳಿಯುವುದಿಲ್ಲ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು, ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವ ರಾಕ್‌ಬರ್ಸ್ಟ್ ಇಲ್ಲಿನವರಿಗೆ ಮನೆಮಾತು. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಅದಕ್ಕಿಂತ ನಿಧಾನದ ಶತ್ರು. ತಂದೆ ಕೇಜಿನಲ್ಲಿ ಕೆಳಗಿಳಿದ ಹೊತ್ತಿಗೆ ಮಗ ಬಯಲಿನಲ್ಲಿ ಆಡುತ್ತಿದ್ದ ಎಂಬುದು ಕಥೆಗಾರರ ಕೈಗೆ ಸುಲಭವಾಗಿ ಸಿಗುವ ಚಿತ್ರ. ಮನೆಯ ಲೆಕ್ಕ ಅದಕ್ಕಿಂತ ಒರಟಾಗಿತ್ತು. ಮಗನಿಗೆ ಹದಿನೆಂಟು ತುಂಬಿದರೆ ಅವನೂ ದುಡಿಯಬೇಕು. ಅವನನ್ನು ಕಾಲೇಜಿಗೆ ಕಳುಹಿಸುವುದೆಂದರೆ ಮನೆಗೆ ಬರಬೇಕಾದ ಒಂದು ಕೂಲಿಯನ್ನು ಮೂರು ವರ್ಷ ಬಿಟ್ಟುಕೊಡುವುದು. ಫುಟ್‌ಬಾಲಿಗಾಗಿ ಯಾವ ಮನೆಯೂ ಹೀಗೆ ಬಿಟ್ಟುಕೊಟ್ಟಿಲ್ಲ. ಮಗ ಕೆಳಗೆ ಇಳಿಯುವುದು ತಪ್ಪಲಿ ಎಂದು ಬಿಟ್ಟುಕೊಟ್ಟವು, ಆಟ ಆ ಸಂದಿಯಲ್ಲಿ ನುಸುಳಿಕೊಂಡಿತು.

ಗಣಿಯೊಳಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತ ಕುಟುಂಬಗಳವರು. ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಅವರ ಮಕ್ಕಳದು. ಹೀಗಾಗಿ ತಂಡದ ಭಾಷೆ ಒಂದೇ ಆಗಿರಲಿಲ್ಲ. ಚೆಂಡು ಕೇಳುವುದು ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ, ರೆಫರಿಯ ಜೊತೆ ಜಗಳ ಇಂಗ್ಲಿಷಿನಲ್ಲಿ, ಕಾಲೇಜು ಕಚೇರಿಗೆ ಅರ್ಜಿ ಕನ್ನಡದಲ್ಲಿ. ಬೆಂಗಳೂರಿನ ತಂಡಗಳವರು ಇವರನ್ನು ‘ಗೋಲ್ಡ್‌ಫೀಲ್ಡ್ ಹುಡುಗರು’ ಎಂದು ಒಂದೇ ಗುಂಪಿಗೆ ಸೇರಿಸಿಬಿಟ್ಟರೂ ಒಳಗೆ ಲೈನಿಗೊಂದು ಅಭಿಮಾನವಿತ್ತು.

ಆಡುತ್ತಿದ್ದ ನೆಲದ ಬಗ್ಗೆಯೂ ಒಂದು ಮಾತು. ಕೆಜಿಎಫ್ ಜಿಮ್ಖಾನಾ ಮೈದಾನದಂಥ ಒಂದೆರಡು ಜಾಗ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ ಕೆಂಪು ನೆಲ, ಮೇಲೆ ಗರಸು. ಅದರ ಅಂಚಿಗೆ ಸೈನೈಡ್ ಗುಡ್ಡಗಳು. ಅದಿರನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಆ ಪುಡಿ ಇವತ್ತಿಗೆ ಮೂರು ಕೋಟಿ ಟನ್ನಿಗೂ ಹೆಚ್ಚು ಇದೆ. ಮುಂಗಾರಿನ ಗಾಳಿ ಎದ್ದ ದಿನ ಬಿಳಿಧೂಳು ಮೈದಾನಕ್ಕೂ ಬರುತ್ತದೆ, ಅಡುಗೆಮನೆಗೂ ಬರುತ್ತದೆ. ಅಂಥ ನೆಲದಲ್ಲಿ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಹೇಗೆ ತಿರುಗುತ್ತದೆಂದು ಹೇಳಲಾಗದು. ಅಲ್ಲಿ ಕಲಿತವನಿಗೆ ಚೆಂಡನ್ನು ಬೇಗ ಪಳಗಿಸುವ ಅಭ್ಯಾಸ ಬರುತ್ತದೆ, ಜಾರಿ ಬಿದ್ದು ಚೆಂಡು ಕಸಿಯುವ ಅಭ್ಯಾಸ ಬರುವುದಿಲ್ಲ, ಏಕೆಂದರೆ ಜಾರಿದರೆ ತೊಡೆಯ ಚರ್ಮ ಹೋಗುತ್ತದೆ. ಬೆಂಗಳೂರಿನ ಹುಲ್ಲು ಮೈದಾನಕ್ಕೆ ಮೊದಲ ಸಲ ಇಳಿದ ಕೆಜಿಎಫ್ ಹುಡುಗನಿಗೆ ಚೆಂಡು ನಿಧಾನವಾಗಿ ಬರುವುದೇ ಒಂದು ಅನುಕೂಲ.

ಬರಿಗಾಲಿನ ಆಟ ಕೆಜಿಎಫ್‌ನ ಬಡತನದ ವಿಶೇಷವೇನಲ್ಲ, ಇಡೀ ಭಾರತದ ಅಂದಿನ ರೂಢಿ ಅದೇ ಆಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರು ಪಾದಕ್ಕೆ ಬರೀ ಪಟ್ಟಿ ಸುತ್ತಿಕೊಂಡು ಫ್ರಾನ್ಸಿನ ಎದುರು ಇಳಿದರು. ಎರಡು ಪೆನಾಲ್ಟಿ ಕಳೆದುಕೊಂಡು 2–1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10–1ರಿಂದ ಮಣಿಸಿದಾಗಲೂ ಭಾರತದ ಏಕೈಕ ಗೋಲು ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ನಿಯಮ ಬಂದ ಕೂಡಲೇ ಲೈನ್‌ಗಳಿಗೆ ಬೂಟು ಬರಲಿಲ್ಲ. ಕಾಲೇಜು ತಂಡಕ್ಕೆ ಸೇರಿದ ಮೇಲೆಯೇ ಮೊದಲ ಜೋಡಿ ಬೂಟು ಕಂಡವರು ಆಮೇಲಿನ ದಶಕಗಳಲ್ಲೂ ಇದ್ದರು. ಬೂಟಿನಲ್ಲಿ ಚೆಂಡಿನ ಸ್ಪರ್ಶ ಸಿಗುವುದಿಲ್ಲ ಎಂದು ಗೊಣಗಿದವರು, ಪ್ರಾಕ್ಟೀಸಿಗೆ ಬರಿಗಾಲು ಪಂದ್ಯಕ್ಕೆ ಬೂಟು ಎಂದು ರಾಜಿ ಮಾಡಿಕೊಂಡವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ.

ಮೈಸೂರು ರಾಜ್ಯದ ಫುಟ್‌ಬಾಲಿಗೆ ಅದು ಒಳ್ಳೆಯ ಕಾಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಅಲ್ಲಿಯವರೆಗೆ ಆ ಕಪ್ಪನ್ನು ಯಾವ ಭಾರತೀಯ ತಂಡವೂ ಎತ್ತಿರಲಿಲ್ಲ. 1946ರಲ್ಲಿ ಮೈಸೂರು ಫುಟ್‌ಬಾಲ್ ಸಂಸ್ಥೆ ಹುಟ್ಟಿತು, ಅದೇ ಋತುವಿನಲ್ಲಿ ರಾಜ್ಯ ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. 1952, 1967, 1968ರ ಋತುಗಳಲ್ಲಿ ಮತ್ತೆ ಗೆದ್ದಿತು. ಕೆಜಿಎಫ್‌ನ ಕಾಲೇಜು ಹುಡುಗ ರಾಜ್ಯ ತಂಡದ ಕನಸು ಕಂಡದ್ದು ಈ ಹಿನ್ನೆಲೆಯಲ್ಲಿ. ಕನಸು ಅತಿಯಾಗಿರಲಿಲ್ಲ, ಪೈಪೋಟಿ ಮಾತ್ರ ಅತಿಯಾಗಿತ್ತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾದ ರಾಜ್ಯದಲ್ಲಿ ಜಾಗ ಗಿಟ್ಟಿಸಿಕೊಳ್ಳುವುದಕ್ಕಿಂತ ಬೇರೆ ರಾಜ್ಯದಲ್ಲಿ ಹುಟ್ಟಿದ್ದರೆ ಸುಲಭವಾಗುತ್ತಿತ್ತು ಎಂದು ಹಳಬರು ಹೇಳುವ ಮಾತಿನಲ್ಲಿ ಸತ್ಯಾಂಶವಿದೆ.

ಕಾಲೇಜು ಆಟದ ಏಣಿ ಹೀಗಿತ್ತು. ಕೆಳಗಿನ ಮೆಟ್ಟಿಲು ಕಾಲೇಜು ತಂಡ: ಕೆಜಿಎಫ್‌ನ ಪ್ರಥಮ ದರ್ಜೆ ಕಾಲೇಜು, ಕೋಲಾರ ಬಂಗಾರಪೇಟೆಗಳ ಕಾಲೇಜುಗಳು, ಅಂಕ ಮತ್ತು ಅನುಕೂಲ ಎರಡೂ ಇದ್ದವರಿಗೆ ಬೆಂಗಳೂರಿನ ಸೆಂಟ್ರಲ್ ಅಥವಾ ಸೇಂಟ್ ಜೋಸೆಫ್ಸ್. ಅದರ ಮೇಲೆ ಅಂತರ ಕಾಲೇಜು ಟೂರ್ನಮೆಂಟ್. ಅಲ್ಲಿ ಕಣ್ಣಿಗೆ ಬಿದ್ದವರಿಗೆ ವಿಶ್ವವಿದ್ಯಾಲಯದ ಸೆಲೆಕ್ಷನ್. ವಿಶ್ವವಿದ್ಯಾಲಯ ತಂಡ ದಕ್ಷಿಣ ವಲಯದ ಪಂದ್ಯಗಳಿಗೆ ಹೋಗುತ್ತದೆ, ಅಲ್ಲಿ ದಾಟಿದರೆ ಸರ್ ಆಶುತೋಷ್ ಮುಖರ್ಜಿ ಟ್ರೋಫಿಗಾಗಿ ನಡೆಯುವ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ವಿಶ್ವವಿದ್ಯಾಲಯಕ್ಕೆ ಆಡಿದವನು ‘ಬ್ಲೂ’. ಅವನಿಗೊಂದು ಬ್ಲೇಜರ್, ಪ್ರಯಾಣಕ್ಕೆ ಟಿಎ-ಡಿಎ, ಒಂದು ಸರ್ಟಿಫಿಕೇಟ್. ಬ್ಲೇಜರನ್ನು ಮದುವೆಯ ಫೋಟೊದಲ್ಲಿ ಹಾಕಿಕೊಂಡವರಿದ್ದಾರೆ. ಬದುಕು ಕಟ್ಟಿಕೊಟ್ಟದ್ದು ಮಾತ್ರ ಮೂರನೆಯ ವಸ್ತು.

ಆಟಗಾರರು ತಮ್ಮ ನೆನಪಿನಲ್ಲಿ ಅತಿ ಕಡಿಮೆ ಜಾಗ ಕೊಡುವ ಸಂಗತಿಯೂ ಈ ಸರ್ಟಿಫಿಕೇಟೇ. ಎಲ್ಲಕ್ಕಿಂತ ಹೆಚ್ಚು ಜಾಗ ಅದಕ್ಕೆ ಸಲ್ಲಬೇಕು. ಕೇಂದ್ರ ಸರ್ಕಾರದ ಸಿಬ್ಬಂದಿ ಇಲಾಖೆ 1980ರ ಆಗಸ್ಟ್ 4ರಂದು ಹೊರಡಿಸಿದ ಆದೇಶದ ಪ್ರಕಾರ ಅರ್ಹ ಕ್ರೀಡಾಪಟುಗಳನ್ನು ‘ಸಿ’ ಮತ್ತು ‘ಡಿ’ ಗುಂಪಿನ ಹುದ್ದೆಗಳಿಗೆ ಮಾಮೂಲು ನೇಮಕಾತಿ ವಿಧಾನ ಸಡಿಲಿಸಿ ತೆಗೆದುಕೊಳ್ಳಬಹುದಾಗಿತ್ತು. ದೇಶಕ್ಕೆ ಅಥವಾ ರಾಜ್ಯಕ್ಕೆ ಆಡಿದವರ ಜೊತೆಗೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಅರ್ಹರ ಪಟ್ಟಿಯಲ್ಲಿದ್ದಾರೆ. ಇದಕ್ಕೆ ನಮೂನೆಗಳು ಬೇರೆ ಬೇರೆ: ಅಂತರರಾಷ್ಟ್ರೀಯ ಆಟಕ್ಕೆ ಒಂದನೆಯದು, ರಾಷ್ಟ್ರಮಟ್ಟಕ್ಕೆ ಎರಡನೆಯದು, ವಿಶ್ವವಿದ್ಯಾಲಯಕ್ಕೆ ಮೂರನೆಯದು, ಶಾಲಾ ಕ್ರೀಡೆಗೆ ನಾಲ್ಕನೆಯದು. ಮೂರನೆಯ ನಮೂನೆಗೆ ಸಹಿ ಹಾಕಬೇಕಾದವರು ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು, ಕಾಲೇಜಿನ ಪಿ.ಟಿ. ಮೇಷ್ಟ್ರಲ್ಲ. ಕಾಲೇಜಿಗೆ ಮೂರು ವರ್ಷ ಆಡಿ ಹತ್ತಾರು ಗೋಲು ಹೊಡೆದವನ ಹತ್ತಿರ ಈ ನಮೂನೆ ಇರುವುದಿಲ್ಲ. ವಿಶ್ವವಿದ್ಯಾಲಯ ತಂಡದ ಜೊತೆ ಒಂದೇ ಸಲ ಹೋಗಿ ಅರ್ಧ ಪಂದ್ಯ ಆಡಿ ಬಂದವನ ಹತ್ತಿರ ಇರುತ್ತದೆ. ಒಬ್ಬ ಲೈನಿಗೆ ಮರಳಿದ, ಇನ್ನೊಬ್ಬ ರೈಲ್ವೆಯಲ್ಲೋ ಅಂಚೆ ಇಲಾಖೆಯಲ್ಲೋ ಗುಮಾಸ್ತನಾದ ಎಂಬುದಕ್ಕೆ ಎಷ್ಟೋ ಸಲ ಇಬ್ಬರ ಆಟದ ವ್ಯತ್ಯಾಸ ಕಾರಣವಲ್ಲ. ಸೆಲೆಕ್ಷನ್ ದಿನ ಒಬ್ಬನಿಗೆ ಜ್ವರ ಬಂದಿತ್ತು, ಅಥವಾ ರೈಲು ತಪ್ಪಿತ್ತು, ಅಷ್ಟೇ.

1980ಕ್ಕೆ ಮೊದಲೂ ಆಟದಿಂದ ನೌಕರಿ ಸಿಗುತ್ತಿತ್ತು, ಕಾಗದಪತ್ರದ ಹಂಗು ಕಡಿಮೆಯಿತ್ತು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್ ಹುಟ್ಟಿದವು. ಎಚ್‌ಎಎಲ್, ಐಟಿಐ ತಂಡಗಳು ಬೆಂಗಳೂರಿನ ಫುಟ್‌ಬಾಲನ್ನು ದಶಕಗಳ ಕಾಲ ಆಳಿದವು. ಸ್ಟ್ಯಾಫರ್ಡ್ ಕಪ್ಪಿನಂಥ ಟೂರ್ನಮೆಂಟಿನಲ್ಲಿ ಒಬ್ಬ ಹುಡುಗ ಎದುರಾಳಿ ಕಾರ್ಖಾನೆಯ ರಕ್ಷಣೆಯನ್ನು ಮೂರು ಸಲ ಮುರಿದರೆ ಪಂದ್ಯ ಮುಗಿದ ಮೇಲೆ ಆ ಕಾರ್ಖಾನೆಯವರೇ ವಿಳಾಸ ಕೇಳುತ್ತಿದ್ದರು. ಕೆಜಿಎಫ್‌ಗೆ ಹತ್ತಿರದ ಅವಕಾಶವೆಂದರೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್. ಗಣಿ ಸೊರಗುತ್ತಿದ್ದ ಕಾಲಕ್ಕೆ ಬೃಹತ್ ಯಂತ್ರಗಳ ಆ ಕಾರ್ಖಾನೆ ಊರಿಗೆ ಇನ್ನೊಂದು ಊರುಗೋಲಾಯಿತು.

ಆಟದ ಮೇಲೆ ಸಿಕ್ಕ ನೌಕರಿ ಹೊರಗಿನಿಂದ ನೋಡುವವರಿಗೆ ಸುಖದ್ದು. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಪ್ರಾಕ್ಟೀಸಿಗೆ ಹೋಗುವವನನ್ನು ಮಿಕ್ಕ ನೌಕರರು ಅಸೂಯೆಯಿಂದ ನೋಡುತ್ತಿದ್ದರು. ಅದರ ಇನ್ನೊಂದು ಮುಖ ಮೂವತ್ತೆರಡು ಮೂವತ್ತಮೂರರ ವಯಸ್ಸಿಗೆ ಕಾಣಿಸಿಕೊಳ್ಳುತ್ತದೆ. ತಂಡದಿಂದ ಬಿಟ್ಟ ದಿನ ಅವನಿಗೆ ಕಚೇರಿಯ ಕೆಲಸವೂ ಬರುವುದಿಲ್ಲ, ಯಂತ್ರದ ಕೆಲಸವೂ ಬರುವುದಿಲ್ಲ. ಅವನು ಪಂದ್ಯಗಳಿಗೆ ಊರೂರು ತಿರುಗುತ್ತಿದ್ದಾಗ ಜೊತೆಯವರು ಇಲಾಖಾ ಪರೀಕ್ಷೆ ಕಟ್ಟಿ ಮೇಲೇರಿದ್ದಾರೆ. ಬಡ್ತಿ ತಡವಾಗುತ್ತದೆ, ಪಿಂಚಣಿಯೂ ಅದಕ್ಕೆ ತಕ್ಕಂತೆ. ಇದನ್ನು ಆಟಗಾರರು ದೂರಾಗಿ ಹೇಳುವುದು ಅಪರೂಪ. ಕೇಜಿನಲ್ಲಿ ಇಳಿಯುವುದು ತಪ್ಪಿತಲ್ಲ, ಆ ಹೋಲಿಕೆಯಲ್ಲಿ ಮಿಕ್ಕದ್ದು ಸಣ್ಣದಾಗಿ ಕಾಣುತ್ತದೆ. ನಿಜಕ್ಕೂ ಸಣ್ಣದೇನಲ್ಲ. ಆಡುವ ವಯಸ್ಸಿನಲ್ಲೇ ಕೆಲಸ ಕಲಿಸುವ ಏರ್ಪಾಡು ಇದ್ದಿದ್ದರೆ ಎಷ್ಟೋ ಜನ ಗುಮಾಸ್ತರಾಗಿಯೇ ನಿವೃತ್ತರಾಗಬೇಕಿರಲಿಲ್ಲ.

ಊರಿನಲ್ಲೇ ಉಳಿದವರ ಕಥೆ ಗಣಿಯ ಕಥೆಯೊಂದಿಗೇ ಸಾಗಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ಹೊತ್ತಿಗೆ ದೊಡ್ಡವಾಗಿ ಉಳಿದಿದ್ದದ್ದು ಮೈಸೂರು, ಚಾಂಪಿಯನ್ ರೀಫ್, ನಂದಿದುರ್ಗ ಎಂಬ ಮೂರು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆದವು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಆಳ ಹೆಚ್ಚಿದಂತೆ ಖರ್ಚು ಏರುತ್ತ ಬಂದು 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಹಳೆಯ ಕಾಲೇಜು ಆಟಗಾರರಲ್ಲಿ ಗಣಿಯ ಕಚೇರಿ, ವರ್ಕ್‌ಶಾಪು, ಆಸ್ಪತ್ರೆಗಳಲ್ಲಿ ಸೇರಿದ್ದವರು ಆಗ ನಲವತ್ತರ ಮೇಲೆ ಐವತ್ತರ ಒಳಗೆ. ಹೊಸ ನೌಕರಿಗೆ ವಯಸ್ಸು ದಾಟಿದೆ, ನಿವೃತ್ತಿಗೆ ಇನ್ನೂ ದೂರ. ಸರ್ಟಿಫಿಕೇಟಿನ ಬೆಲೆ ಎಂದೋ ತೀರಿದೆ. ಕೈಗೆ ಬಂದ ಪರಿಹಾರದಲ್ಲಿ ಅಂಗಡಿ ಇಟ್ಟವರು, ಆಟೊ ಓಡಿಸಿದವರು, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದವರು ಈ ತಲೆಮಾರಿನವರೇ.

ಇಲ್ಲಿ ರೈಲಿನ ಮಾತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು ಮುಖ್ಯ ಮಾರ್ಗ ಹಿಡಿಯುವ ಗಾಡಿಗಳು ಒಂದು ಕಾಲದಲ್ಲಿ ಆಟಗಾರರನ್ನು ಪಂದ್ಯಕ್ಕೆ ಕರೆದೊಯ್ದವು, ಗಣಿ ಮುಚ್ಚಿದ ಮೇಲೆ ಅವರನ್ನೇ ಕೂಲಿಗೆ ಕರೆದೊಯ್ದವು. ಬೆಳಗಿನ ಜಾವ ಎದ್ದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರ ದಿನಚರಿ ಇಪ್ಪತ್ತು ವರ್ಷ ದಾಟಿದರೂ ಬದಲಾಗಿಲ್ಲ. ಮೈದಾನಕ್ಕೆ ಅದರಿಂದ ಆದ ನಷ್ಟ ಎದ್ದು ಕಾಣುವಂಥದ್ದು. ಗಣಿಯ ಶಿಫ್ಟ್ ಮಧ್ಯಾಹ್ನವೋ ಸಂಜೆಗೆ ಮೊದಲೋ ಮುಗಿಯುತ್ತಿತ್ತು, ಹಿರಿಯರು ಮನೆಗೆ ಬಂದು ಚಹಾ ಕುಡಿದು ಹುಡುಗರ ಆಟ ತಿದ್ದಲು ಬಯಲಿಗೆ ಬರುತ್ತಿದ್ದರು. ಬೆಂಗಳೂರಿನಿಂದ ರಾತ್ರಿ ಒಂಬತ್ತಕ್ಕೆ ಇಳಿಯುವವನು ಯಾವ ಹುಡುಗನಿಗೆ ಯಾವ ಪಾಸು ಹೇಳಿಕೊಟ್ಟಾನು? ಊರಿನ ಆಟ ಕುಸಿದದ್ದಕ್ಕೆ ಮೊಬೈಲು, ಕ್ರಿಕೆಟ್ಟು, ಹುಡುಗರ ಸೋಮಾರಿತನ ಎಂದು ಸುಲಭದ ಕಾರಣ ಕೊಡುವವರು ಈ ರೈಲಿನ ವೇಳಾಪಟ್ಟಿಯನ್ನು ಒಮ್ಮೆ ನೋಡಬೇಕು.

ದೇಹದ ಲೆಕ್ಕವೂ ಇದೆ. ಫುಟ್‌ಬಾಲ್ ಆಡಿದವರಲ್ಲಿ, ಅದರಲ್ಲೂ ಮಂಡಿಗೆ ಗಾಯವಾದವರಲ್ಲಿ, ಮಂಡಿಯ ಕೀಲು ಸವೆತ ಬೇಗ ಬರುತ್ತದೆ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹರಿದರೆ ಅದನ್ನು ಇಡಿಯಾಗಿ ತೆಗೆದುಬಿಡುವುದು ಹಿಂದಿನ ಶಸ್ತ್ರಚಿಕಿತ್ಸೆಯ ರೀತಿ; ಅದು ಹೋದ ಮೇಲೆ ಮೂಳೆಗೆ ಮೂಳೆ ತಿಕ್ಕಲು ಶುರುವಾಗುತ್ತದೆ. ಈಗ ಸಣ್ಣ ರಂಧ್ರದ ಮೂಲಕ ಹರಿದಷ್ಟನ್ನೇ ಸರಿಪಡಿಸುತ್ತಾರೆ. ಹಳಬರಲ್ಲಿ ಹೆಚ್ಚಿನವರಿಗೆ ಎರಡೂ ಸಿಗಲಿಲ್ಲ. ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, ಮುಂದಿನ ವಾರ ಮತ್ತೆ ಆಡಿದರು. ತಲೆಯ ಬಗ್ಗೆ 2019ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಅಧ್ಯಯನವೊಂದು ಏಳೂವರೆ ಸಾವಿರಕ್ಕೂ ಹೆಚ್ಚು ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿ, ಅವರಲ್ಲಿ ಮರೆವಿನ ಕಾಯಿಲೆಯಂಥ ನರರೋಗಗಳಿಂದ ಆದ ಸಾವು ಮಿಕ್ಕವರಿಗಿಂತ ಸುಮಾರು ಮೂರೂವರೆ ಪಟ್ಟು ಎಂದು ಹೇಳಿತು. ಹೃದ್ರೋಗದ ಸಾವು ಕಡಿಮೆ ಎಂದೂ ಹೇಳಿತು. ಅದು ವರ್ಷಗಟ್ಟಲೆ ಪ್ರತಿದಿನ ಆಡಿದವರ ಮಾತು, ಮೂರು ವರ್ಷ ಕಾಲೇಜಿಗೆ ಆಡಿದವನು ತನ್ನ ಪ್ರತಿ ಮರೆವಿಗೂ ಹಳೆಯ ಹೆಡ್ಡರನ್ನು ದೂರಬೇಕಿಲ್ಲ. ಮಳೆ ನೀರು ಕುಡಿದು ಭಾರವಾದ ತೊಗಲಿನ ಚೆಂಡಿಗೆ ಹಣೆ ಕೊಟ್ಟ ಸೆಂಟರ್ ಹಾಫ್‌ಗಳು ಮಾತ್ರ ಇದನ್ನು ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು.

ಇನ್ನು ನೆನಪಿನ ವಿಷಯ. ಹಳೆಯ ಆಟಗಾರನ ಕಥೆಯಲ್ಲಿ ಎದುರಾಳಿ ಯಾವಾಗಲೂ ರಾಜ್ಯ ತಂಡದವನೇ, ರೆಫರಿ ಯಾವಾಗಲೂ ಪಕ್ಷಪಾತಿಯೇ, ಸೋತ ಪಂದ್ಯದಲ್ಲಿ ಮಳೆ ಬಂದೇ ಬಂದಿರುತ್ತದೆ. ಇದರಿಂದ ಯಾರಿಗೂ ಕೇಡಿಲ್ಲ. ಆದರೆ ಬರೆದಿಡುವವರಿಗೆ ಇಸವಿ ಬೇಕು, ಇಸವಿಯನ್ನೇ ನೆನಪು ಮೊದಲು ಬಿಟ್ಟುಕೊಡುತ್ತದೆ. ಇದಕ್ಕೊಂದು ಉಪಾಯವಿದೆ: ಕಥೆಯೊಳಗೇ ಕಾಲ ಅಡಗಿರುತ್ತದೆ. ತಾನು ‘ರೈಟ್ ಇನ್’ ಅಥವಾ ‘ಲೆಫ್ಟ್ ಔಟ್’ ಆಡಿದೆ ಎನ್ನುವವನು ಐದು ಜನ ಮುಂದಾಳುಗಳ ಹಳೆಯ ವ್ಯೂಹದಲ್ಲಿ ಬೆಳೆದವನು. 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಗೆದ್ದ ಮೇಲೆ 4-2-4 ಎಲ್ಲೆಡೆ ಹರಡಿ ಆ ಹೆಸರುಗಳು ನಿಧಾನವಾಗಿ ಸವೆದವು. ಪಂದ್ಯ 70 ನಿಮಿಷದ್ದು ಎಂದರೆ ಹಳೆಯ ರೂಢಿಯ ಕಾಲ. ರೆಫರಿ ಜೇಬಿನಿಂದ ಹಳದಿ ಕಾರ್ಡ್ ತೆಗೆದ ಎಂದರೆ 1970ರ ನಂತರ, ಏಕೆಂದರೆ ಕಾರ್ಡುಗಳು ಜಗತ್ತಿಗೆ ಬಂದದ್ದು ಆ ವರ್ಷದ ವಿಶ್ವಕಪ್ಪಿನಿಂದ. ಜೊತೆಯವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದು ಕಾಲ ಕಳೆದ ಎಂದರೆ 1992ಕ್ಕೆ ಮೊದಲು. ಎದೆಯ ಮೇಲೆ ‘ಮೈಸೂರು’ ಎಂದಿದ್ದ ರಾಜ್ಯ ತಂಡದ ಅಂಗಿಯಾದರೆ 1973ರ ನವೆಂಬರ್‌ಗೆ ಮೊದಲು.

ಆಟದ ಹೊರಗಿನ ಹೆಸರುಗಳೂ ಇದೇ ಕೆಲಸ ಮಾಡುತ್ತವೆ. ತಂದೆಯ ಯಜಮಾನ ಜಾನ್ ಟೇಲರ್ ಕಂಪನಿಯೋ, ಸರ್ಕಾರದ ಕೋಲಾರ್ ಗೋಲ್ಡ್ ಮೈನಿಂಗ್ ಅಂಡರ್‌ಟೇಕಿಂಗ್ಸೋ, ಬಿಜಿಎಂಎಲೋ ಎಂದು ಕೇಳಿದರೆ ದಶಕ ಸಿಗುತ್ತದೆ. ವಿಶ್ವವಿದ್ಯಾಲಯ ಯಾವುದು ಎಂಬ ಪ್ರಶ್ನೆಯೂ ಹಾಗೆಯೇ. ಕೋಲಾರ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಕೋಲಾರವನ್ನೂ ಒಳಗೊಂಡಿತು. ಈಗ ಅವು ಕೋಲಾರದಲ್ಲೇ ಕೇಂದ್ರವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೆಳಗಿವೆ. ಮೈಸೂರಿಗೆ ಸೆಲೆಕ್ಷನ್‌ಗೆ ಹೋದ ಹುಡುಗ ರಾತ್ರಿ ಎಲ್ಲೋ ಉಳಿಯಬೇಕಿತ್ತು, ಖರ್ಚಿಗೆ ಯಾರನ್ನೋ ಕೇಳಬೇಕಿತ್ತು. ಕೋಲಾರಕ್ಕೆ ಹೋಗುವ ಇಂದಿನ ಹುಡುಗಿ ಅಥವಾ ಹುಡುಗ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರಬಹುದು. ಪ್ರತಿಭೆಯಷ್ಟೇ ಈ ದೂರವೂ ಯಾರು ಆಯ್ಕೆಯಾದರು ಎಂಬುದನ್ನು ನಿರ್ಧರಿಸಿದೆ.

ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಮಣಿಸಿ. ನಡುವೆ ಸರಿದದ್ದು 54 ವರ್ಷ. 1968ರ ಋತುವಿನ ಗೆಲುವನ್ನು ಕಾಲೇಜು ಹುಡುಗನಾಗಿ ಕೇಳಿದವನು ಎಪ್ಪತ್ತು ದಾಟಿದ ಮೇಲೆ ಇದನ್ನು ಕಂಡ. ಈಗಿನವರ ಆಟ ನೋಡಿ ನಮ್ಮ ಕಾಲದ ಕೌಶಲವಿಲ್ಲ ಎನ್ನುವ ಹಿರಿಯರ ಮಾತಿಗೆ ಪೂರ್ತಿ ತಲೆಯಾಡಿಸಲಾಗದು. ವೇಗ ಹೆಚ್ಚಿದೆ, ಚೆಂಡು ಕಾಲಿನಲ್ಲಿ ಉಳಿಯುವ ಹೊತ್ತು ಕಡಿಮೆಯಾಗಿದೆ. ಒಂಟಿಯಾಗಿ ಮೂವರನ್ನು ದಾಟುವವನಿಗೆ ಈಗಿನ ಕೋಚ್ ಬೆಂಚು ತೋರಿಸುತ್ತಾನೆ. ಆ ಮೂವರನ್ನು ದಾಟುವ ಆಟ ನೋಡಲು ಚೆಂದವಿತ್ತು ಎಂಬುದನ್ನು ಮಾತ್ರ ಒಪ್ಪಲೇಬೇಕು.

ದಾಖಲೆ ಮಾಡಹೊರಟವರಿಗೆ ಸಾಮಗ್ರಿ ಮನೆಯಲ್ಲೇ ಸಾಕಷ್ಟಿದೆ. ಮೂರನೆಯ ನಮೂನೆಯ ಮೂಲಪ್ರತಿ ಅಥವಾ ಜೆರಾಕ್ಸ್ ನೌಕರಿಯ ಆದೇಶದ ಜೊತೆಗೇ ಇರುತ್ತದೆ. ತಂಡದ ಗ್ರೂಪ್ ಫೋಟೊದ ಕೆಳಗೆ ಕೂತವರು, ನಿಂತವರು ಎಂದು ಎಡದಿಂದ ಬಲಕ್ಕೆ ಹೆಸರುಗಳಿರುತ್ತವೆ. ಅವು ಅಳಿಸಿಹೋಗುವ ಮುನ್ನ ಗುರುತಿಸಬಲ್ಲ ಒಬ್ಬರ ಜೊತೆ ಕೂತು ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು, ಇಂಕು ಮುಂಬದಿಗೆ ಇಳಿಯುತ್ತದೆ. ಗಣಿಯಲ್ಲಿ ದುಡಿದವರ ಸೇವಾ ಪತ್ರಗಳಲ್ಲಿ ಸೇರಿದ ದಿನಾಂಕ, ಇಲಾಖೆ ಇರುತ್ತವೆ. ಪಂದ್ಯದ ಫಲಿತಾಂಶಕ್ಕೆ ಅಂದಿನ ಬೆಂಗಳೂರು ಪತ್ರಿಕೆಗಳ ಕ್ರೀಡಾಪುಟಗಳಿವೆ, ಹಳೆಯ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಒಬ್ಬೊಬ್ಬ ಆಟಗಾರನಿಗೆ ಅರ್ಧ ಪುಟ ಸಾಕು: ಹೆಸರು, ಹುಟ್ಟಿದ ಲೈನ್, ತಂದೆ ಇಳಿದ ಶಾಫ್ಟ್, ಓದಿದ ಕಾಲೇಜು, ಆಡಿದ ಸ್ಥಾನ, ವಿಶ್ವವಿದ್ಯಾಲಯಕ್ಕೆ ಆಡಿದ್ದರೆ ಯಾವ ವರ್ಷ, ಮೊದಲ ನೌಕರಿ, ಆಟ ಬಿಟ್ಟ ವರ್ಷ, ನಿವೃತ್ತಿಯಾದ ಹುದ್ದೆ. ಗೋಲುಗಳ ಸಂಖ್ಯೆಗೂ ಒಂದು ಸಾಲು ಬಿಡಬಹುದು. ಅಲ್ಲಿ ಆಟಗಾರ ಹೇಳಿದ ಸಂಖ್ಯೆ, ಪತ್ರಿಕೆಯಲ್ಲಿ ಸಿಕ್ಕ ಸಂಖ್ಯೆ ಎರಡನ್ನೂ ಬೇರೆ ಬೇರೆಯಾಗಿ ಬರೆಯುವುದು ಉತ್ತಮ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ಫುಟ್‌ಬಾಲ್ ಪ್ರೇಕ್ಷಕ